"ಏನೂ ಆಗಲ್ಲ ಅಲ್ವಾ?" ಅಂತ ಮಗಳು ದಿನಕ್ಕೆ ನಲವತ್ತು ಸಲ ಕೇಳಿದರೆ

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ, ಬಿಕಾಂ ಓದುತ್ತಿದ್ದಾಳೆ. ಒಂದು ವರ್ಷದಿಂದ ಕಾಲೇಜಿನಿಂದ ಬಂದ ಕೂಡಲೇ ಬಚ್ಚಲಿಗೆ ಹೋಗಿ ಮುಕ್ಕಾಲು ಗಂಟೆ ಕೈ ತೊಳೆಯುತ್ತಾಳೆ. ಆಮೇಲೆ ನನ್ನ ಹಿಂದೆಯೇ ಸುತ್ತುತ್ತಾಳೆ. "ಅಮ್ಮಾ, ಬಸ್ಸಿನ ಕಂಬಿ ಮುಟ್ಟಿದ್ದೆ. ಏನೂ ಆಗಲ್ಲ ಅಲ್ವಾ?" ದಿನಕ್ಕೆ ಮೂವತ್ತು ನಲವತ್ತು ಸಲ ಇದೇ ಮಾತು. "ಏನೂ ಆಗಲ್ಲ ಪುಟ್ಟಾ" ಅಂದರೆ ಐದು ನಿಮಿಷ ಸುಮ್ಮನಿರುತ್ತಾಳೆ. ಹೇಳದಿದ್ದರೆ ಅಳುತ್ತಾಳೆ. ನಾನು ಸಮಾಧಾನ ಹೇಳುತ್ತಾ ಇರಬೇಕಾ, ಬಿಡಬೇಕಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಆ ಐದು ನಿಮಿಷದ ಮೇಲೆ.

ನೀವು ಬರೆದಿರುವುದು ಓಸಿಡಿ, ಅಂದರೆ ಗೀಳು ಕಾಯಿಲೆಯ ಹಾಗೆ ಕಾಣುತ್ತದೆ. ಹೌದೋ ಅಲ್ಲವೋ ಅಂತ ಮನೋವೈದ್ಯರೇ ನೋಡಿ ಹೇಳಬೇಕು. ಇದರಲ್ಲಿ ಬೇಡದ ಒಂದು ಯೋಚನೆ ನುಗ್ಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಕೈ ತೊಳೆದರೆ ಸ್ವಲ್ಪ ಹಗುರ. ಆ ಹಗುರವೇ ತೊಂದರೆ. ಕಜ್ಜಿ ಕೆರೆದ ಹಾಗೆ, ಕೆರೆದಾಗ ಹಿತ, ಆಮೇಲೆ ತುರಿಕೆ ಇನ್ನೂ ಜಾಸ್ತಿ. ನಿಮ್ಮ "ಏನೂ ಆಗಲ್ಲ ಪುಟ್ಟಾ" ಕೂಡ ಆ ಕೆರೆತವೇ. ಅವಳು ನಲ್ಲಿಯಲ್ಲಿ ತೊಳೆಯುವುದನ್ನು ನಿಮ್ಮ ಬಾಯಲ್ಲೂ ತೊಳೆಸಿಕೊಳ್ಳುತ್ತಿದ್ದಾಳೆ. ಬೇಜಾರು ಮಾಡಿಕೊಳ್ಳಬೇಡಿ, ಯಾವ ತಾಯಿಯಾದರೂ ಹಾಗೇ ಹೇಳುತ್ತಿದ್ದಳು.

ಮನೆಯಲ್ಲಿ ಯಾರಾದರೂ "ಇದೇನು ಕಾಯಿಲೆ, ನಮ್ಮಜ್ಜಿಯೂ ಮಡಿ ಮಾಡ್ತಿದ್ದಳು" ಅನ್ನಬಹುದು. ಅಜ್ಜಿಯ ಮಡಿಗೆ ಒಂದು ಕೊನೆ ಇತ್ತು. ಸ್ನಾನ ಆಯಿತು, ಮಡಿಬಟ್ಟೆ ಉಟ್ಟಳು, ಮುಗಿಯಿತು. ಅಡುಗೆಗೆ ನಿಂತಳು. ಗೀಳಿಗೆ "ಸಾಕು" ಅನ್ನುವುದೇ ಇಲ್ಲ. ಇದು ಅತಿಯಾಯಿತು ಅಂತ ಹೆಚ್ಚಿನವರಿಗೆ ಸ್ವತಃ ಗೊತ್ತಿರುತ್ತದೆ, ಆದರೂ ನಿಲ್ಲಿಸಲು ಆಗುವುದಿಲ್ಲ. "ಮದುವೆ ಮಾಡಿದರೆ ಸರಿಹೋಗುತ್ತೆ" ಅನ್ನುವವರಿಗೆ ಕಾಫಿ ಕೊಟ್ಟು ಕಳಿಸಿ.

ಹಾಗಂತ ನಾಳೆಯಿಂದಲೇ ಬಾಯಿಗೆ ಬೀಗ ಹಾಕಿಕೊಳ್ಳಬೇಡಿ. ದಿಢೀರ್ ಅಂತ ನಿಲ್ಲಿಸಿದರೆ ಅವಳಿಗೆ ಅದು ಶಿಕ್ಷೆ. ಅವಳು ಸಮಾಧಾನವಾಗಿ ಇರುವ ಹೊತ್ತು ನೋಡಿ ಮಾತಾಡಿ. "ನಾನು ಉತ್ತರ ಹೇಳಿದಷ್ಟೂ ನಿನಗೆ ಕಷ್ಟ ಜಾಸ್ತಿ ಆಗ್ತಿದೆ. ಇಬ್ಬರೂ ಸೇರಿ ಕಡಿಮೆ ಮಾಡೋಣ್ವಾ?" ಅವಳು ಒಪ್ಪಿದ ಮೇಲೆ, ಕೇಳಿದಾಗ ಹೇಳಲು ಒಂದೇ ಮಾತು ಇಟ್ಟುಕೊಳ್ಳಿ: "ಇದು ಗೀಳು ಕೇಳ್ತಿರೋ ಪ್ರಶ್ನೆ ಪುಟ್ಟಾ, ಉತ್ತರ ಬೇಡ. ಬಾ, ಇಲ್ಲೇ ಕೂತ್ಕೋ." ದಿನಕ್ಕೆ ಹತ್ತು ಸಲ ಉತ್ತರ, ಆಮೇಲೆ ಐದು, ಹೀಗೆ ಇಳಿಸುತ್ತಾ ಬನ್ನಿ. ಅವಳ ಪರವಾಗಿ ನೀವೇ ಬಾಗಿಲು ತೆಗೆಯುವುದು, ಹೊಸ ಸೋಪು ತಂದಿಡುವುದು ಇದ್ದರೆ ಅವೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಚಿಕಿತ್ಸೆಯೂ ಈ ದಾರಿಯಲ್ಲೇ ಹೋಗುತ್ತದೆ. ಅದಕ್ಕೆ ಇಆರ್‌ಪಿ ಅಂತ ಹೆಸರು, ಅಂದರೆ ಭಯವನ್ನು ಎದುರಿಸಿ, ತೊಳೆಯದೆ, ಕೇಳದೆ ಇರುವ ಅಭ್ಯಾಸ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇದರ ಬಗ್ಗೆ ಬರೆದರು. ಥೆರಪಿಸ್ಟ್ ನಿಮ್ಮ ಮಗಳ ಜೊತೆ ಕೂತು ಭಯಗಳಿಗೆ ಮಾರ್ಕ್ಸ್ ಹಾಕಿಸುತ್ತಾರೆ. ಮನೆ ಗೇಟಿನ ಚಿಲಕಕ್ಕೆ 30, ಬಸ್ಸಿನ ಕಂಬಿಗೆ 80 ಅಂತಿಟ್ಟುಕೊಳ್ಳಿ. ಮೊದಲು ಚಿಲಕ. ಮುಟ್ಟಬೇಕು, ತೊಳೆಯಬಾರದು, ಯಾರನ್ನೂ ಕೇಳಬಾರದು. ಅಂಗೈ ಬೆವರುತ್ತದೆ, ಕಣ್ಣು ನಲ್ಲಿಯ ಕಡೆಗೇ ಹೋಗುತ್ತದೆ. ಏನೂ ಮಾಡದೆ ಕೂತರೆ ಆ ಗಾಬರಿ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಒಂದೊಂದು ದಿನ ಇಳಿಯದಿದ್ದರೂ ತಡೆದುಕೊಳ್ಳಬಹುದು ಅಂತ ಅವಳಿಗೆ ಗೊತ್ತಾಗುತ್ತದೆ. ಮರುದಿನ ಮತ್ತೆ ಚಿಲಕ. ಇದನ್ನು ಬಲವಂತವಾಗಿ ನೀವೇ ಮಾಡಿಸಲು ಹೋಗಬೇಡಿ. ಅವಳ ಕೈ ಹಿಡಿದು ಕಂಬಿಗೆ ಒತ್ತಿದರೆ ನಂಬಿಕೆ ಹೋಗುತ್ತದೆ, ಅಷ್ಟೇ.

ಮಾತ್ರೆಯ ಬಗ್ಗೆಯೂ ಭಯ ಇರಬಹುದು. ಗೀಳಿಗೂ ಖಿನ್ನತೆಗೂ ಕೊಡುವ ಫ್ಲುವೊಕ್ಸೆಟಿನ್, ಸರ್ಟ್ರಾಲಿನ್ ತರಹದವು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವುದಿಲ್ಲ. ಗೀಳಿಗೆ ಖಿನ್ನತೆಗಿಂತ ಹೆಚ್ಚು ಡೋಸ್ ಬೇಕಾಗಬಹುದು. ಮಾತ್ರೆಯ ಪೂರ್ತಿ ಪರಿಣಾಮ ಕಾಣಲು 10ರಿಂದ 12 ವಾರ ಹಿಡಿಯಬಹುದು. ಎಷ್ಟೋ ಜನ ಮೂರನೇ ವಾರಕ್ಕೇ "ಏನೂ ಪ್ರಯೋಜನ ಇಲ್ಲ" ಅಂತ ಬಿಟ್ಟುಬಿಡುತ್ತಾರೆ. ಶುರುವಿನಲ್ಲಿ ವಾಕರಿಕೆ ಬರಬಹುದು. ಈ ವಯಸ್ಸಿನವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ ಜಾಸ್ತಿಯಾದರೆ, ಸಾಯುವ ಮಾತು ಬಂದರೆ, ತಡಮಾಡದೆ ಡಾಕ್ಟರಿಗೆ ಹೇಳಿ. ಅವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಕ್ಲಿನಿಕ್ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ ಮುಂದೆ ಸುಮ್ನೆ "ಸ್ವಲ್ಪ ಟೆನ್ಷನ್ನು" ಅಂದು ಬರಬೇಡಿ. ಹೋಗುವ ಮೊದಲು ಒಂದು ವಾರ ಅವಳೇ ಚೀಟಿಯಲ್ಲಿ ಬರೆದಿಡಲಿ: ದಿನಕ್ಕೆ ಎಷ್ಟು ಹೊತ್ತು ತೊಳೆದಳು, ಎಷ್ಟು ಸಲ ಕೇಳಿದಳು, ಏನೇನು ಮುಟ್ಟದೆ ಬಿಟ್ಟಳು. ಬರೆಯಲು ನಾಚಿಕೆಯಾಗುವ ಯೋಚನೆಗಳೂ ಇರಬಹುದು, ದೇವರ ಮುಂದೆ ಬರುವ ಕೆಟ್ಟ ಮಾತಿನಂಥವು. ಗೀಳಿನಲ್ಲಿ ಅವೂ ಸಾಮಾನ್ಯ, ಡಾಕ್ಟರಿಗೆ ಹೊಸದೇನಲ್ಲ. ಅವನ್ನು ಅವಳು ಒಬ್ಬಳೇ ಹೇಳಲಿ. ಆ ಹೊತ್ತಿಗೆ ನೀವು ಎದ್ದು ಹೊರಗೆ ಬೆಂಚಿನ ಮೇಲೆ ಕೂತಿರಿ.