ಬೋಲ್ಟು ಬಿಚ್ಚುವ ಮೊದಲಿನ ಲೆಕ್ಕ: ಹಳೆಯ ಪಿಕಪ್‌ನ ಟ್ರಾನ್ಸ್‌ಫರ್ ಕೇಸ್ ಬದಲಿಸುವುದರ ಹಿಂದಿನ ವಿಜ್ಞಾನ

ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಹಳೆಯ ಪಿಕಪ್ ಟ್ರಕ್ಕಿನ ಅಡಿಯಲ್ಲಿ ಮಲಗಿ ನೋಡಿದರೆ ಗೇರ್‌ಬಾಕ್ಸಿನ ಹಿಂಬದಿಗೆ ಜೋಡಿಸಿದ ಇನ್ನೊಂದು ಲೋಹದ ಪೆಟ್ಟಿಗೆ ಕಾಣುತ್ತದೆ. ಅದರಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಆಕ್ಸಲ್‌ಗೆ ಹೋದರೆ, ಮತ್ತೊಂದು ಪಕ್ಕಕ್ಕೆ ಸರಿದು ಮುಂದಿನ ಆಕ್ಸಲ್‌ನತ್ತ ಸಾಗುತ್ತದೆ. ಇದೇ ಟ್ರಾನ್ಸ್‌ಫರ್ ಕೇಸ್. ಇದು ಸವೆದು ಹೋದಾಗ ಅಥವಾ ಒಡೆದಾಗ ಇನ್ನೊಂದನ್ನು ತಂದು ಕೂರಿಸುವ ಕೆಲಸ ಹೊರನೋಟಕ್ಕೆ ಆರೇಳು ಬೋಲ್ಟುಗಳ ವಿಷಯ. ಆದರೆ ಈ ಪೆಟ್ಟಿಗೆ ಎರಡು ಆಕ್ಸಲ್‌ಗಳನ್ನು, ಎರಡು ಶಾಫ್ಟ್‌ಗಳನ್ನು ಮತ್ತು ಗೇರ್‌ಬಾಕ್ಸನ್ನು ಒಂದೇ ಲೆಕ್ಕಕ್ಕೆ ಕಟ್ಟಿಹಾಕುವುದರಿಂದ, ಆ ಲೆಕ್ಕವನ್ನು ಮೊದಲು ಕಾಗದದ ಮೇಲೆ ಸರಿಪಡಿಸಿಕೊಳ್ಳದೆ ಸ್ಪ್ಯಾನರ್ ಹಿಡಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಉದಾಹರಣೆಯಿಂದ ಆರಂಭಿಸೋಣ. ಟ್ರಕ್ಕಿನ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 3.3 ಮೀಟರ್ ಅಂತರವಿದೆ ಎಂದುಕೊಳ್ಳಿ. ಮುಂದಿನ ಆಕ್ಸಲ್‌ನ ಮಧ್ಯಬಿಂದು 7 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುವಂತೆ ಸ್ಟಿಯರಿಂಗ್ ತಿರುಗಿಸಿದರೆ, ಪೈಥಾಗೊರಸನ ಪ್ರಮೇಯದ ಪ್ರಕಾರ ಹಿಂದಿನ ಆಕ್ಸಲ್ ಸುಮಾರು 6.17 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತದೆ. ಅಂದರೆ ಒಂದು ಪೂರ್ಣ ಸುತ್ತಿನಲ್ಲಿ ಮುಂದಿನ ಚಕ್ರಗಳು ಸುಮಾರು 44 ಮೀಟರ್ ಉರುಳುವಷ್ಟರಲ್ಲಿ ಹಿಂದಿನವು 39 ಮೀಟರಿಗಿಂತ ಸ್ವಲ್ಪ ಕಡಿಮೆ ಉರುಳುತ್ತವೆ. ಈ 5 ಮೀಟರಿನ ವ್ಯತ್ಯಾಸವನ್ನು ಯಾರಾದರೂ ತುಂಬಿಕೊಡಲೇಬೇಕು. ಅಗತ್ಯವಿದ್ದಾಗ ಮಾತ್ರ ಮುಂದಿನ ಚಕ್ರಗಳನ್ನು ಜೋಡಿಸುವ ಪಾರ್ಟ್‌ಟೈಮ್ ಬಗೆಯ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಎರಡು ಶಾಫ್ಟ್‌ಗಳ ನಡುವೆ ಡಿಫರೆನ್ಷಿಯಲ್, ಅಂದರೆ ಅವು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಹಲ್ಲುಚಕ್ರಗಳ ಜೋಡಣೆ, ಇರುವುದಿಲ್ಲ. ನಾಲ್ಕು ಚಕ್ರಗಳ ಚಾಲನೆಗೆ ಲಿವರ್ ಎಳೆದ ಕೂಡಲೇ ಎರಡೂ ಶಾಫ್ಟ್‌ಗಳು ಒಂದೇ ವೇಗದಲ್ಲಿ ಸುತ್ತುವಂತೆ ಬಿಗಿಯಾಗುತ್ತವೆ. ಕೆಸರು, ಮರಳು, ಹಿಮದ ಮೇಲೆ ಟೈರುಗಳು ಜಾರಿ ಆ 5 ಮೀಟರನ್ನು ನುಂಗಿಕೊಳ್ಳುತ್ತವೆ. ಒಣಗಿದ ಡಾಂಬರಿನ ಮೇಲೆ ಜಾರುವುದು ಸುಲಭವಲ್ಲವಾದ್ದರಿಂದ ಶಾಫ್ಟ್‌ಗಳು ಸ್ಪ್ರಿಂಗಿನಂತೆ ತಿರುಚಿಕೊಳ್ಳುತ್ತವೆ, ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ, ಬೇರಿಂಗ್‌ಗಳ ಮೇಲೆ ಮತ್ತು ಅನೇಕ ಪೆಟ್ಟಿಗೆಗಳಲ್ಲಿ ಮುಂದಿನ ಶಾಫ್ಟಿಗೆ ಶಕ್ತಿ ಒಯ್ಯುವ ಚೈನ್ ಮೇಲೆ ಅವು ಹೊರಬೇಕಿಲ್ಲದ ಹೊರೆ ಬೀಳುತ್ತದೆ. ಟ್ರಾನ್ಸ್‌ಫರ್ ಕೇಸ್‌ಗಳು ಅಕಾಲದಲ್ಲಿ ಕೈಕೊಡಲು ಈ ಬಳಕೆಯೂ ಒಂದು ಕಾರಣ.

ಇದೇ ತರ್ಕ ಆಕ್ಸಲ್‌ಗಳಿಗೂ ಅನ್ವಯಿಸುತ್ತದೆ. ಹಳೆಯ ಟ್ರಕ್ಕುಗಳಲ್ಲಿ ಹಿಂದಿನ ಮಾಲೀಕರು ಯಾವಾಗಲೋ ಒಂದು ಆಕ್ಸಲ್ ಬದಲಿಸಿರುವುದು ಅಪರೂಪವಲ್ಲ. ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬ ಅನುಪಾತ ಹಿಂದೆ 3.73, ಮುಂದೆ 4.10 ಇದ್ದರೆ ನೇರ ರಸ್ತೆಯಲ್ಲಿಯೂ ಎರಡರ ನಡುವೆ ಸುಮಾರು ಶೇಕಡಾ 10ರಷ್ಟು ಜಗಳ ನಡೆಯುತ್ತಲೇ ಇರುತ್ತದೆ; ಎಷ್ಟು ಹೊಸ ಟ್ರಾನ್ಸ್‌ಫರ್ ಕೇಸ್ ಹಾಕಿದರೂ ಅದು ಬಾಳುವುದಿಲ್ಲ. ಆದ್ದರಿಂದ ಹಳೆಯದು ಏಕೆ ಕೆಟ್ಟಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಎರಡೂ ಆಕ್ಸಲ್‌ಗಳ ಅನುಪಾತವನ್ನೂ ಟೈರುಗಳ ಅಳತೆಯನ್ನೂ ನೋಡಲೇಬೇಕು.

ಈ ಪೆಟ್ಟಿಗೆಯ ಎರಡನೆಯ ಕೆಲಸ ನಿಧಾನಗತಿಯ ಲೋ ರೇಂಜ್ ಒದಗಿಸುವುದು. ಬಹುಪಾಲು ಚೈನ್ ಬಗೆಯ ಪೆಟ್ಟಿಗೆಗಳಲ್ಲಿ ಇದನ್ನು ಗ್ರಹಗಳ ವ್ಯವಸ್ಥೆಯನ್ನು ಹೋಲುವ ಪ್ಲಾನೆಟರಿ ಗೇರ್ ನಿರ್ವಹಿಸುತ್ತದೆ: ನಡುವೆ ಸೂರ್ಯನಂತೆ ಒಂದು ಹಲ್ಲುಚಕ್ರ, ಅದರ ಸುತ್ತ ಗ್ರಹಗಳಂತೆ ಚಿಕ್ಕ ಚಕ್ರಗಳು, ಹೊರಗೆ ಒಳಮುಖದ ಹಲ್ಲುಗಳುಳ್ಳ ಬಳೆ. ಬಳೆಯನ್ನು ಪೆಟ್ಟಿಗೆಗೆ ಬಿಗಿದು, ಸೂರ್ಯನಿಗೆ ಶಕ್ತಿ ಕೊಟ್ಟು, ಗ್ರಹಗಳನ್ನು ಹೊತ್ತ ಚೌಕಟ್ಟಿನಿಂದ ಶಕ್ತಿ ಪಡೆದರೆ ವೇಗ ಇಳಿದು ತಿರುಗುಬಲ ಏರುತ್ತದೆ. ಎನ್‌ಪಿ 241 ಎಂಬ ಮಾದರಿಯಲ್ಲಿ ಈ ಅನುಪಾತ 2.72. ಎಂಜಿನ್ 300 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತಿದ್ದು, ಮೊದಲ ಗೇರಿನ ಅನುಪಾತ 4 ಮತ್ತು ಆಕ್ಸಲ್‌ನದು 3.73 ಆಗಿದ್ದರೆ, ಈ ಇಳಿಕೆಯಿಲ್ಲದ ಸಾಮಾನ್ಯ ಹೈ ರೇಂಜಿನಲ್ಲಿ ಚಕ್ರಗಳಿಗೆ ಒಟ್ಟು ಸುಮಾರು 4,480 ನ್ಯೂಟನ್ ಮೀಟರ್ ಸಿಗುತ್ತದೆ; ಲೋ ರೇಂಜಿನಲ್ಲಿ ಘರ್ಷಣೆಯ ನಷ್ಟ ಬಿಟ್ಟರೆ ಅದು 12,000 ದಾಟುತ್ತದೆ. ಹಳ್ಳದಿಂದ ಮೇಲೇರುವ ಟ್ರಕ್ಕು ಎಂಜಿನ್ನಿನ ಅಬ್ಬರವಿಲ್ಲದೆ ಆಮೆಯಂತೆ ತೆವಳಿ ಬರುವುದರ ಗುಟ್ಟು ಇದು. ಈ ಹೆಚ್ಚುವರಿ ಬಲವನ್ನೆಲ್ಲ ಮುಂದಿನ ಶಾಫ್ಟ್, ಚೈನ್ ಮತ್ತು ಆಕ್ಸಲ್‌ಗಳು ಹೊರಬೇಕಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಹಾಗಾದರೆ ಏನು ಸವೆಯುತ್ತದೆ? ಚೈನ್ ಬಗೆಯಲ್ಲಿ ಮೊದಲು ದಣಿಯುವುದು ಚೈನೇ. ಅದು ರಬ್ಬರಿನಂತೆ ಹಿಗ್ಗುವುದಿಲ್ಲ. ಕೊಂಡಿಗಳನ್ನು ಸೇರಿಸುವ ನೂರಾರು ಪಿನ್ನುಗಳು ತುಸುತುಸುವೇ ಸವೆದು ಒಟ್ಟು ಉದ್ದ ಹೆಚ್ಚುತ್ತದೆ. ಸಡಿಲಾದ ಚೈನ್ ಹೊರೆ ಬಿದ್ದಾಗ ಹಲ್ಲು ಜಿಗಿಯುತ್ತದೆ, ಆಗ ಕೆಳಗಿನಿಂದ ಸುತ್ತಿಗೆಯಿಂದ ಬಡಿದಂಥ ಸದ್ದು ಬರುತ್ತದೆ. ಇದಕ್ಕಿಂತ ಕಪಟವಾದ ದೋಷ ಎನ್‌ಪಿ 246 ಮುಂತಾದ, ಮೆಗ್ನೀಸಿಯಂ ಮಿಶ್ರಲೋಹದ ಹೊರಕವಚವುಳ್ಳ ಮಾದರಿಗಳಲ್ಲಿ ಕಂಡುಬಂದಿದೆ. ಒಳಗಿನ ಆಯಿಲ್ ಪಂಪು ಸುತ್ತದಂತೆ ತಡೆಯುವ ಕಿವಿಗಳು ಮೃದುವಾದ ಕವಚವನ್ನು ಉಜ್ಜಿ ಉಜ್ಜಿ ಕೊನೆಗೆ ರಂಧ್ರ ಕೊರೆಯುತ್ತವೆ. ರಂಧ್ರ ಕವಚದ ಮೇಲ್ಭಾಗದಲ್ಲಿರುವುದರಿಂದ ನಿಂತಾಗ ನೆಲದ ಮೇಲೆ ಒಂದು ಹನಿಯೂ ಬೀಳದೆ, ಓಡುವಾಗ ಮಾತ್ರ ಎಣ್ಣೆ ಹೊರಚಿಮ್ಮಿ, ಮಾಲೀಕರಿಗೆ ತಿಳಿಯುವಷ್ಟರಲ್ಲಿ ಒಳಗಿನದೆಲ್ಲ ಬೆಂದುಹೋಗಿರುವ ಸಾಧ್ಯತೆ ಇದೆ. ಅಂಥ ಪೆಟ್ಟಿಗೆಯ ಬದಲಿಗೆ ಅದೇ ಮಾದರಿಯ ಹಳೆಯದನ್ನು ತಂದರೆ, ಕೂರಿಸುವ ಮುನ್ನವೇ ಬಿಚ್ಚಿ ಆ ಜಾಗವನ್ನು ನೋಡುವುದು ಲೇಸು.

ಅಮೆರಿಕದ ಪಿಕಪ್‌ಗಳಲ್ಲಿ ಹೆಚ್ಚಾಗಿ ಕಾಣುವ ಎನ್‌ಪಿ ಮಾದರಿಗಳನ್ನು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನ ನ್ಯೂ ಪ್ರೊಸೆಸ್ ಗೇರ್ ಕಂಪನಿ ತಯಾರಿಸಿತು. ಇವುಗಳಲ್ಲಿ ಎನ್‌ಪಿ 205 ನನಗೆ ಅತ್ಯಂತ ಗೌರವದ ಯಂತ್ರ. ಎರಕದ ಕಬ್ಬಿಣದ ಕವಚ, ಚೈನ್ ಇಲ್ಲ, ಎಲ್ಲವೂ ಹಲ್ಲುಚಕ್ರಗಳೇ. ಒಂದನ್ನೊಂದು ಕಚ್ಚಿದ ಎರಡು ಹಲ್ಲುಚಕ್ರಗಳು ವಿರುದ್ಧ ದಿಕ್ಕಿಗೆ ಸುತ್ತುವುದರಿಂದ, ಮುಂದಿನ ಶಾಫ್ಟ್ ಸರಿಯಾದ ದಿಕ್ಕಿಗೆ ಸುತ್ತಲೆಂದು ನಡುವೆ ಮೂರನೆಯದೊಂದು ಚಕ್ರವನ್ನು ಇಟ್ಟಿದ್ದಾರೆ. ಆದರೆ ಅದರ ಲೋ ರೇಂಜ್ ಅನುಪಾತ ಕೇವಲ 1.96. 1980ರ ದಶಕದ ಆರಂಭದಲ್ಲಿ ಬಂದ, ಅಲ್ಯೂಮಿನಿಯಂ ಕವಚ ಮತ್ತು ಚೈನ್ ಉಳ್ಳ ಎನ್‌ಪಿ 208ರಲ್ಲಿ ಅದು 2.61, ತೂಕವೂ ಬಹಳ ಕಡಿಮೆ. ಬಲ ಬೇಕೆಂದು 208ನ್ನು ತೆಗೆದು 205ನ್ನು ಹಾಕುವವರು ಈ ವಿನಿಮಯವನ್ನು ಅರಿತಿರಬೇಕು: ಗಟ್ಟಿತನ ಸಿಗುತ್ತದೆ, ತೆವಳುವ ನಿಧಾನ ಕಳೆದುಹೋಗುತ್ತದೆ.

ಹೆಸರು ಒಂದೇ ಆದ ಮಾತ್ರಕ್ಕೆ ಪೆಟ್ಟಿಗೆ ಒಂದೇ ಆಗುವುದಿಲ್ಲ. ಗೇರ್‌ಬಾಕ್ಸಿನ ಶಾಫ್ಟ್ ಒಳಹೊಗುವ ಜಾಗದಲ್ಲಿ ಉದ್ದುದ್ದದ ಗೀರುಗಳಂತಿರುವ ಸ್ಪ್ಲೈನ್‌ಗಳ ಸಂಖ್ಯೆ ಜಿಎಂ (ಜನರಲ್ ಮೋಟರ್ಸ್) ಟ್ರಕ್ಕುಗಳ 205ರಲ್ಲೇ 10, 27 ಅಥವಾ 32 ಇರಬಹುದು. ಬೋಲ್ಟು ತೂತುಗಳ ವಿನ್ಯಾಸ, ಮುಂದಿನ ಶಾಫ್ಟ್ ಎಡಕ್ಕೆ ಇಳಿಯುತ್ತದೆಯೋ ಬಲಕ್ಕೋ, ಸ್ಪೀಡೋಮೀಟರ್ ಕೇಬಲ್ ಎಲ್ಲಿ ಸೇರುತ್ತದೆ, ಒಟ್ಟು ಉದ್ದ ಎಷ್ಟು ಎಂಬುದೆಲ್ಲ ಟ್ರಕ್ಕಿನಿಂದ ಟ್ರಕ್ಕಿಗೆ ಬದಲಾಗುತ್ತದೆ. ಮುಂದಿನ ಡಿಫರೆನ್ಷಿಯಲ್ ಬಲಕ್ಕಿದ್ದು ಶಾಫ್ಟ್ ಎಡಕ್ಕೆ ಇಳಿದರೆ ಅಲ್ಲಿಗೆ ಕೆಲಸ ನಿಂತಂತೆ.

ಉದ್ದದ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸ ಪೆಟ್ಟಿಗೆ ಉದ್ದವಾಗಿದ್ದರೆ ಹಿಂದಿನ ಶಾಫ್ಟ್ ಗಿಡ್ಡವಾಗಬೇಕು. ಅದೇ ಎತ್ತರದ ಅಂತರವನ್ನು ಕಡಿಮೆ ಉದ್ದದಲ್ಲಿ ದಾಟಬೇಕಾದ್ದರಿಂದ ಅದರ ಕೋನ ಕಡಿದಾಗುತ್ತದೆ. ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟಿಗೆ, ಮೆಕ್ಯಾನಿಕ್‌ಗಳು ಕ್ರಾಸ್ ಎನ್ನುವ ಆ ಭಾಗಕ್ಕೆ, ಒಂದು ವಿಚಿತ್ರ ಗುಣವಿದೆ. ಒಂದು ಬದಿ ಸಮವೇಗದಲ್ಲಿ ಸುತ್ತಿದರೂ ಬಾಗಿದ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿಸಿಕೊಂಡು ಎರಡು ಬಾರಿ ತಗ್ಗಿಸಿಕೊಳ್ಳುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಕೋನ 10 ಡಿಗ್ರಿ ಇದ್ದರೆ ವೇಗ 2,954 ಮತ್ತು 3,046ರ ನಡುವೆ ಸೆಕೆಂಡಿಗೆ 100 ಬಾರಿ ಓಲಾಡುತ್ತದೆ. ಕೋನ 20 ಡಿಗ್ರಿಗೆ ಏರಿದರೆ ಓಲಾಟ 2,819ರಿಂದ 3,193ರವರೆಗೆ ಹಿಗ್ಗುತ್ತದೆ. ಕೋನ ಎರಡು ಪಟ್ಟಾದಾಗ ಓಲಾಟ ನಾಲ್ಕು ಪಟ್ಟಾಯಿತು. ಶಾಫ್ಟಿನ ಎರಡೂ ತುದಿಗಳಲ್ಲಿ ಸಮಾನ ಕೋನವಿದ್ದು, ಎರಡೂ ಯೋಕ್‌ಗಳು (ಕ್ರಾಸನ್ನು ಹಿಡಿಯುವ ಕವಲುಗಳು) ಒಂದೇ ನೇರದಲ್ಲಿದ್ದರೆ ಮಾತ್ರ ಮೊದಲ ಕ್ರಾಸ್ ಹುಟ್ಟಿಸಿದ ಏರಿಳಿತವನ್ನು ಎರಡನೆಯದು ಅಳಿಸುತ್ತದೆ. ಶಾಫ್ಟ್ ಕಳಚುವ ಮುನ್ನ ಜೋಡಣೆಯ ಮೇಲೆ ಬಣ್ಣದ ಗುರುತು ಹಾಕಿಕೊಳ್ಳುವುದು ಇದಕ್ಕಾಗಿಯೇ. ಹೊಸ ಪೆಟ್ಟಿಗೆ ಗಿಡ್ಡವಾಗಿದ್ದರೆ ತೊಂದರೆ ಬೇರೆ ಬಗೆಯದು: ಶಾಫ್ಟನ್ನು ಶೇಕಡಾ 10ರಷ್ಟು ಉದ್ದ ಮಾಡಿಸಿದರೆ ಅದು ಬಿಲ್ಲಿನಂತೆ ಬಾಗಿ ಕಂಪಿಸತೊಡಗುವ ವೇಗ ಸುಮಾರು ಶೇಕಡಾ 17ರಷ್ಟು ಇಳಿಯುತ್ತದೆ, ಏಕೆಂದರೆ ಆ ವೇಗ ಉದ್ದದ ವರ್ಗಕ್ಕೆ ವಿಲೋಮವಾಗಿದೆ.

ಕೆಲಸಕ್ಕೆ ಇಳಿಯುವಾಗ ಒಂದು ಎಚ್ಚರಿಕೆ ಪ್ರಾಣದ ಪ್ರಶ್ನೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಪಾರ್ಕ್ ಸ್ಥಾನವಾಗಲಿ, ಮ್ಯಾನುಯಲ್‌ನಲ್ಲಿ ಹಾಕಿಟ್ಟ ಗೇರಾಗಲಿ ಹಿಡಿಯುವುದು ಗೇರ್‌ಬಾಕ್ಸಿನ ಶಾಫ್ಟನ್ನು. ಅದು ಚಕ್ರಗಳಿಗೆ ತಲುಪುವುದು ಟ್ರಾನ್ಸ್‌ಫರ್ ಕೇಸ್ ಮೂಲಕ. ಆ ಪೆಟ್ಟಿಗೆಯನ್ನು ನ್ಯೂಟ್ರಲ್‌ಗೆ ಹಾಕಿದ ಅಥವಾ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಕಳಚಿದ ಕ್ಷಣದಲ್ಲಿ ಟ್ರಕ್ಕು ಸ್ವತಂತ್ರವಾಗಿ ಉರುಳಬಲ್ಲದು. ಸಮತಟ್ಟಾದ ನೆಲ, ಚಕ್ರಗಳ ಎರಡೂ ಬದಿಗೆ ಅಡೆಕಟ್ಟೆ, ಭಾರ ಹೊರಬಲ್ಲ ಸ್ಟ್ಯಾಂಡುಗಳು ಇಲ್ಲದೆ ಅಡಿಗೆ ಹೋಗಕೂಡದು. ಕಬ್ಬಿಣದ 205 ಸುಮಾರು 60 ಕಿಲೋಗ್ರಾಂ ತೂಗುತ್ತದೆ; ಎದೆಯ ಮೇಲೆ ಇಟ್ಟುಕೊಂಡು ಇಳಿಸುವ ಸಾಹಸ ಬೇಡ, ಗೇರ್‌ಬಾಕ್ಸ್ ಇಳಿಸುವ ಜಾಕ್‌ಗೆ ಪಟ್ಟಿ ಬಿಗಿದು ಇಳಿಸಬೇಕು. ಎಣ್ಣೆ ಬಸಿದು, ಶಾಫ್ಟ್, ಲಿವರ್, ಕೇಬಲ್, ವೈರುಗಳನ್ನು ಬಿಡಿಸಿದ ಬಳಿಕ ಪೆಟ್ಟಿಗೆಯನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಮತ್ತೆ ಕೂರಿಸುವಾಗ ಸ್ಪ್ಲೈನ್ ಹೊಂದದಿದ್ದರೆ ಪೆಟ್ಟಿಗೆಯನ್ನು ಗೇರಿಗೆ ಹಾಕಿ ಹಿಂದಿನ ಯೋಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರೆ ಅದು ತಾನಾಗಿ ಒಳಜಾರುತ್ತದೆ. ಬೋಲ್ಟು ಬಿಗಿದು ಎಳೆದುಕೊಳ್ಳುವ ಅವಸರ ಮಾಡಿದರೆ ಕವಚದ ಅಂಚು ಸೀಳಿಹೋಗುತ್ತದೆ. ಜಾಗ ತೆರೆದಿರುವಾಗಲೇ ಗೇರ್‌ಬಾಕ್ಸಿನ ಹಿಂದಿನ ಆಯಿಲ್ ಸೀಲನ್ನು ಬದಲಿಸಿಬಿಡಬೇಕು. ಅಗ್ಗದ ಆ ಸೀಲಿಗಾಗಿ ಇಷ್ಟೆಲ್ಲವನ್ನು ಮತ್ತೊಮ್ಮೆ ಇಳಿಸುವುದು ಯಾರಿಗೂ ಬೇಡ.

ಎಣ್ಣೆಯ ಆಯ್ಕೆಯೂ ಒಳಗಿನ ರಚನೆಯನ್ನೇ ಅನುಸರಿಸುತ್ತದೆ. 205ರಂಥ ಹಲ್ಲುಚಕ್ರಗಳ ಪೆಟ್ಟಿಗೆಗೆ ದಪ್ಪನೆಯ ಗೇರ್ ಆಯಿಲ್ ಬೇಕು. 208, 241ರಂಥ ಚೈನ್ ಪೆಟ್ಟಿಗೆಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಬಳಸುವ ತೆಳುವಾದ ದ್ರವ. ತೆಳು ದ್ರವ ಬೇಕಾದಲ್ಲಿ ದಪ್ಪ ಎಣ್ಣೆ ಸುರಿದರೆ, ಪುಟ್ಟ ಪಂಪು ಅದನ್ನು ಬೇರಿಂಗ್‌ಗಳಿಗೆ ಬೇಕಾದ ಹೊತ್ತಿಗೆ ತಲುಪಿಸಲಾರದು. ತುಂಬುವ ರಂಧ್ರದ ಅಂಚಿನಿಂದ ಹೊರಚೆಲ್ಲುವವರೆಗೆ ಹಾಕಿ, ಮೊದಲ ಓಟ ಮುಗಿಸಿದ ಮೇಲೆ ಮಟ್ಟವನ್ನು ಮತ್ತೊಮ್ಮೆ ನೋಡಬೇಕು. ಆ ಮೊದಲ ಓಟ ಸಡಿಲ ಮಣ್ಣಿನ ಮೇಲಿರಲಿ. ನಾಲ್ಕು ಚಕ್ರಗಳ ಚಾಲನೆಯಲ್ಲಿ ಸ್ವಲ್ಪ ದೂರ ನೇರವಾಗಿ ಹೋಗಿ ಲಿವರನ್ನು ಎರಡು ಚಕ್ರಗಳ ಸ್ಥಾನಕ್ಕೆ ತಳ್ಳಿದಾಗ ಅದು ಹಗುರವಾಗಿ ಬಿಟ್ಟುಕೊಟ್ಟರೆ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳ ನಡುವೆ ಎಳೆದಾಟವಿಲ್ಲ ಎಂದರ್ಥ. ನೇರ ಹಾದಿಯಲ್ಲಿಯೂ ಲಿವರ್ ಬಿಗಿದುಕೊಂಡಿದ್ದರೆ ಆಕ್ಸಲ್ ಅನುಪಾತ ಮತ್ತು ಟೈರುಗಳ ಅಳತೆಗೆ ಮರಳಿ ಹೋಗಬೇಕು.