ವಿಮರ್ಶಕರ ಪ್ರಶಸ್ತಿ ಎಂದರೆ ಸಮಾಧಾನಕರ ಬಹುಮಾನವಲ್ಲ

‘ಗಲ್ಲಾಪೆಟ್ಟಿಗೆಯಲ್ಲಿ ಸೋತರೂ ವಿಮರ್ಶಕರ ಪ್ರಶಸ್ತಿ ಗಳಿಸಿದ ಚಿತ್ರ.’ ಈ ಸಾಲನ್ನು ಒಂದೇ ತಿಂಗಳಲ್ಲಿ ಮೂರನೆಯ ಬಾರಿ ಓದಿದ ಮೇಲೆ ಬರೆಯದೆ ವಿಧಿಯಿಲ್ಲ. ಆ ‘ಸೋತರೂ’ ಎಲ್ಲಿಂದ ಬಂತು? ದುಡ್ಡು ಮಾಡಿದ್ದರೆ ವಿಮರ್ಶಕರು ಮುಖ ತಿರುಗಿಸುತ್ತಿದ್ದರೇ?

ಗೊಂದಲದಲ್ಲಿ ಫಿಲ್ಮ್‌ಫೇರ್‌ನಂಥ ಸಮಾರಂಭಗಳ ಪಾಲೂ ಇದೆ. ಅಲ್ಲಿ ಒಬ್ಬರು ಅತ್ಯುತ್ತಮ ನಟರಾಗುತ್ತಾರೆ, ಇನ್ನೊಬ್ಬರು ವಿಮರ್ಶಕರ ಆಯ್ಕೆಯ ಅತ್ಯುತ್ತಮ ನಟರಾಗುತ್ತಾರೆ. ಎರಡನೆಯದು ನೋಡುಗರ ಕಣ್ಣಿಗೆ ಪಕ್ಕದ ಕುರ್ಚಿಯಂತೆ ಕಾಣುತ್ತದೆ. ಆದರೆ ಅದು ಪತ್ರಿಕೆಯೊಂದರ ಪ್ರಶಸ್ತಿಪಟ್ಟಿಯೊಳಗಿನ ಒಂದು ವಿಭಾಗ ಮಾತ್ರ. ವಿಮರ್ಶಕರೇ ಕೂಟ ಕಟ್ಟಿಕೊಂಡು, ವರ್ಷದ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ತಮ್ಮತಮ್ಮಲ್ಲೇ ಮತ ಹಾಕಿ ಕೊಡುವುದು ಬೇರೆಯದೇ ಸಂಗತಿ. ನ್ಯೂಯಾರ್ಕಿನ ವಿಮರ್ಶಕರ ಕೂಟ ಹುಟ್ಟಿದ್ದು 1935ರಲ್ಲಿ. 1941ರಲ್ಲಿ ಅದು ‘ಸಿಟಿಜನ್ ಕೇನ್’ ಅನ್ನು ವರ್ಷದ ಅತ್ಯುತ್ತಮ ಚಿತ್ರವೆಂದು ಆರಿಸಿತು. ಆಸ್ಕರ್ ಬೇರೆ ಚಿತ್ರಕ್ಕೆ ಹೋಯಿತು. ಗೋಲ್ಡನ್ ಗ್ಲೋಬ್ ಅನ್ನೂ ಈ ಸಾಲಿಗೆ ಸೇರಿಸುವವರಿದ್ದಾರೆ. ಅದನ್ನು ಹುಟ್ಟುಹಾಕಿದವರು ಹಾಲಿವುಡ್‌ನಲ್ಲಿದ್ದ ವಿದೇಶಿ ಪತ್ರಿಕೆಗಳ ವರದಿಗಾರರು. ವರದಿಗಾರಿಕೆಯೇ ಬೇರೆ, ವಿಮರ್ಶೆಯೇ ಬೇರೆ.

ಪದವನ್ನೇ ಬಿಡಿಸಿ ನೋಡಿದರೆ ಇನ್ನೂ ಸ್ವಾರಸ್ಯವಿದೆ. ‘ವಿಮರ್ಶೆ’ಯ ಮೂಲ ಸಂಸ್ಕೃತದ ‘ಮೃಶ್’ ಧಾತು. ಮುಟ್ಟುವುದು, ಸವರಿ ನೋಡುವುದು ಎಂದು ಅರ್ಥ. ‘ಪರಾಮರ್ಶೆ’ ಇದರ ಒಡಹುಟ್ಟು. ಬಟ್ಟೆ ಕೊಳ್ಳುವವರು ಸೆರಗನ್ನು ಬೆರಳ ನಡುವೆ ಉಜ್ಜಿ ನೋಡುತ್ತಾರಲ್ಲ, ಅದು ವಿಮರ್ಶೆ. (‘ವಿಮರ್ಷೆ’ ಎಂದು ಬರೆಯುವವರಿಗೊಂದು ಮಾತು: ‘ಮೃಷ್’ ಎಂದರೆ ಸಹಿಸಿಕೊಳ್ಳುವುದು. ಕೆಲವು ಚಿತ್ರಗಳ ಮಟ್ಟಿಗೆ ಅದೂ ಸರಿಯೇ.) ‘ಪ್ರಶಸ್ತಿ’ಯ ದಾರಿಯೇ ಬೇರೆ. ‘ಶಂಸ್’ ಎಂದರೆ ಹೊಗಳು. ಪ್ರಶಸ್ತಿ ಎಂದರೆ ಆಸ್ಥಾನಕವಿ ಕಲ್ಲಿನಲ್ಲಿ ಕೆತ್ತಿಸಿದ ರಾಜಸ್ತುತಿ. ಇಮ್ಮಡಿ ಪುಲಕೇಶಿಯನ್ನು ಕುರಿತು ರವಿಕೀರ್ತಿ ಬರೆದ ಐಹೊಳೆಯ ಶಾಸನ ಅಂಥದ್ದೇ. ಉಜ್ಜಿ ನೋಡುವವರು ಹೊಗಳಲು ಹೊರಟರೆ ಜಗಳವಾಗದೆ ಇರುತ್ತದೆಯೇ? ಅಮೆರಿಕದಲ್ಲಿ 1966ರಲ್ಲಿ ಹುಟ್ಟಿದ ರಾಷ್ಟ್ರೀಯ ವಿಮರ್ಶಕರ ಸಂಘದಲ್ಲಿ ಪ್ರತಿಯೊಬ್ಬರೂ ಮೂರು ಹೆಸರು ಬರೆದು ಮೂರು, ಎರಡು, ಒಂದು ಅಂಕ ಹಂಚುತ್ತಾರೆ; ಒಂದೇ ಹೆಸರಿಗೆ ಎಲ್ಲರನ್ನೂ ಒಪ್ಪಿಸುವುದು ಅಷ್ಟು ಸುಲಭವಲ್ಲ.

ಇನ್ನು ಆ ‘ಸೋತರೂ’ ವಿಷಯ. 1985ರಲ್ಲಿ ಟೆರಿ ಗಿಲಿಯಮ್ ಅವರ ‘ಬ್ರೆಜಿಲ್’ ಚಿತ್ರವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡದೆ ಯೂನಿವರ್ಸಲ್ ಸ್ಟುಡಿಯೊ ತಡೆಹಿಡಿದಿತ್ತು. ಅಂತ್ಯ ಬದಲಿಸಿ, ಚಿತ್ರವನ್ನು ಮೊಟಕುಗೊಳಿಸಬೇಕೆಂಬ ಹಟ ಅದರದು. ಆ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ವಿಮರ್ಶಕರ ಸಂಘ ಅದಕ್ಕೇ ವರ್ಷದ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ ಮೂರನ್ನೂ ಕೊಟ್ಟಿತು. ಗೆಲ್ಲುವುದಿರಲಿ, ಸೋಲುವುದಕ್ಕೂ ಆ ಚಿತ್ರ ಅಲ್ಲಿನ ಗಲ್ಲಾಪೆಟ್ಟಿಗೆಯನ್ನು ಇನ್ನೂ ತಲುಪಿರಲಿಲ್ಲ. ಅದೇ ತಿಂಗಳು ಯೂನಿವರ್ಸಲ್ ಅದನ್ನು ಬಿಡುಗಡೆ ಮಾಡಿತು.