ಕಟ್ಟಡ ಕಾರ್ಮಿಕರ ಮನಸ್ಸಿನ ಕಷ್ಟ: ಇಲ್ಲಿವರೆಗೆ ಏನೇನಾಯಿತು?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033 ಮಂದಿ. ಅವರಲ್ಲಿ 42,004 ಜನ ದಿನಗೂಲಿಯವರು, ಅಂದರೆ ನಾಲ್ವರಲ್ಲಿ ಒಬ್ಬರು. ಗಾರೆ, ಸೆಂಟ್ರಿಂಗ್, ಕಂಬಿ ಕೆಲಸದವರು ಎಷ್ಟು ಅಂತ ಆ ಲೆಕ್ಕದಲ್ಲಿ ಬೇರೆಯಾಗಿ ಸಿಗುವುದಿಲ್ಲ. ದಿನಗೂಲಿಯವರಿಗೆ ಒಂದು ಸಾಲು ಸಿಕ್ಕಿದ್ದೇ ಬ್ಯೂರೋದ 2014ರ ವರದಿಯಲ್ಲಿ.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು, ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದು 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು, ಕಟ್ಟಡ ಕಾರ್ಮಿಕರ ಕಾಯ್ದೆ ಬಂದಿದ್ದೂ ಅದೇ ವರ್ಷ. ಆಮೇಲೆ ಆ ಕಾರ್ಯಕ್ರಮ, ಈ ಕಾಯ್ದೆ ಎರಡೂ ಬೇರೆ ಬೇರೆ ಇಲಾಖೆಯ ದಾರಿ ಹಿಡಿದವು.

ಬೆಂಗಳೂರಿನ ಸೈಟುಗಳಿಗೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬರುವವರು ಎಷ್ಟೋ ಸಲ ಊರಲ್ಲೇ ಮೇಸ್ತ್ರಿಯ ಹತ್ತಿರ ಮುಂಗಡ ತಗೊಂಡಿರುತ್ತಾರೆ. ಅದು ತೀರುವವರೆಗೆ ಕೈಗೆ ಬರುವುದು ವಾರದ ಖರ್ಚಿನಷ್ಟೇ. ಬಟವಾಡೆ ತಡವಾಯಿತು ಅಂತ ಕೇಳಿದರೆ ಮೇಸ್ತ್ರಿ ಗುತ್ತಿಗೆದಾರನನ್ನು ತೋರಿಸುತ್ತಾನೆ, ಗುತ್ತಿಗೆದಾರ ಇನ್ನೂ ಮೇಲಿನವರನ್ನು ತೋರಿಸುತ್ತಾನೆ, ಇತ್ತ ಊರಿಂದ ಸಾಲದವನ ಫೋನು ಬರುತ್ತಲೇ ಇರುತ್ತದೆ. ತಗಡಿನ ಶೆಡ್ಡಿನಲ್ಲಿ ಸೆಕೆ, ಸಂಜೆ ಒಂದಿಷ್ಟು ಕುಡಿತ. ಖಿನ್ನತೆ ಅನ್ನುವ ಪದ ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. "ನಿದ್ದಿ ಹತ್ತವಲ್ದು" ಅಂತಾರೆ. ಅದನ್ನು ಕೇಳಿಸಿಕೊಳ್ಳುವವರು ಬೇಕು ಅಲ್ವಾ?

2020ರ ಲಾಕ್‌ಡೌನ್‌ನಲ್ಲಿ ಇದೆಲ್ಲ ಬೀದಿಗೆ ಬಂತು. ಕೂಲಿ ನಿಂತಿತ್ತು, ಊರಿಗೆ ಹೋಗಲು ದಾರಿಯಿಲ್ಲ. ಮೇ 5ರಂದು ಬಿಲ್ಡರ್‌ಗಳ ಜೊತೆ ರಾಜ್ಯ ಸರ್ಕಾರದ ಸಭೆಯಾದ ಮೇಲೆ ಹೊರರಾಜ್ಯದ ಕಾರ್ಮಿಕರ ರೈಲುಗಳು ರದ್ದಾದವು, ಜನ ಸಿಟ್ಟಾದ ಮೇಲೆ ಎರಡೇ ದಿನದಲ್ಲಿ ಆ ತೀರ್ಮಾನ ವಾಪಸಾಯಿತು. ನೊಂದವನನ್ನು ಅವನ ಮನೆಯವರ ಹತ್ತಿರ ಹೋಗಲು ಬಿಡುವುದೇ ಮೊದಲ ಚಿಕಿತ್ಸೆ ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಒಳ್ಳೆಯದೂ ಆಗಿದೆ. ಮೊದಲು ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಐಪಿಸಿ 309ರ ಕೇಸು ಬೀಳುತ್ತಿತ್ತು, ಮನೆಯವರು ಪೊಲೀಸರಿಗೆ ಹೆದರಿ ಮುಚ್ಚಿಡುತ್ತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರು ತೀವ್ರ ಒತ್ತಡದಲ್ಲಿದ್ದಾರೆ ಅಂತಲೇ ನೋಡಬೇಕು, ಆರೈಕೆ ಕೊಡಬೇಕು ಅಂದಿತು. 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಶುರುವಾಯಿತು. ನಂಬರು 14416, ದಿನವಿಡೀ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಆದರೆ ಹತ್ತು ಜನ ಮಲಗುವ ಶೆಡ್ಡಿನಲ್ಲಿ ಮನಸ್ಸು ಬಿಚ್ಚಿ ಫೋನಲ್ಲಿ ಮಾತಾಡುವುದು ಹೇಗೆ? ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ, ಹೋದರೆ ಆ ದಿನದ ಕೂಲಿ ಹೋಯಿತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸೌಲಭ್ಯಕ್ಕೆ ಬೇಕಾದ ಲೇಬರ್ ಕಾರ್ಡಿಗೆ ವರ್ಷದಲ್ಲಿ 90 ದಿನ ದುಡಿದ ಪತ್ರ ಬೇಕು. ಸೈಟು ಬದಲಾದಂತೆ ಮೇಸ್ತ್ರಿಯೂ ಬದಲಾದವನಿಗೆ ಆ ಪತ್ರಕ್ಕೆ ಸಹಿ ಹಾಕಿಸಲು ಇನ್ನೆರಡು ದಿನದ ಕೂಲಿ.